ಅಂಗಡಿಯ ಕಂಪ್ಯೂಟರ್ ಯಾರ ಕೈಯಲ್ಲಿ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಕಂಪ್ಯೂಟರ್ ಪರದೆಯ ನೆತ್ತಿಯ ಮೇಲೆ ಹಳದಿ ಕಾಗದವೊಂದು ಅಂಟಿಕೊಂಡು ಕೂತಿತ್ತು. ದುಂಡಗಿನ ಅಕ್ಷರ. "ತಾನಾಗಿ ಬಂದ ಯಾವುದನ್ನೂ ಒತ್ತಬೇಡಿ. ಅಪ್‌ಡೇಟ್ ಮಾಡಿ ಎಂದು ಕೇಳಿದರೆ ನನ್ನನ್ನು ಕರೆಯಿರಿ." ಕೆಳಗೆ ಸಹಿ ಬೇರೆ.

ನನ್ನನ್ನು ಕರೆಯಿರಿ! ಹದಿನಾಲ್ಕು ವರ್ಷದಿಂದ ಈ ಕಂಪ್ಯೂಟರಿನ ಮುಂದೆ ಕೂತವಳು ನಾನು. ಇನ್ನು ಮೇಲೆ ಅದರಲ್ಲಿ ಏನಾದರೂ ಮೂಡಿದರೆ ನಾನು ಎದ್ದು ಹೋಗಿ, ಮದುವೆಯಾಗಿ ಬಂದು ಎಂಟು ತಿಂಗಳಾದ ಓರಗಿತ್ತಿಯನ್ನು ಕರೆದುಕೊಂಡು ಬರಬೇಕಂತೆ.

ಮಾವನವರು ಈ ಕನ್ನಡಕದ ಅಂಗಡಿ ನಡೆಸುತ್ತಿದ್ದಾಗ ಗಿರಾಕಿಗಳ ಕಣ್ಣಿನ ನಂಬರೆಲ್ಲ ರಟ್ಟಿನ ಚೀಟಿಗಳಲ್ಲಿರುತ್ತಿತ್ತು. ಹನ್ನೊಂದು ಡಬ್ಬಿ ಚೀಟಿ. ಮಾವ ತೀರಿಕೊಂಡ ವರ್ಷ ಕಂಪ್ಯೂಟರ್ ಬಂತು. ಇವರು ಒಳಕೋಣೆಯಲ್ಲಿ ಗಾಜು ಉಜ್ಜುತ್ತಾ ಕೂತರೆ ಲೋಕದ ಪರಿವೆ ಇರುವುದಿಲ್ಲ, ಮೈದುನನಿಗೆ ಆಗಿನ್ನೂ ಮೀಸೆ ಮೂಡುತ್ತಿತ್ತು, ಅತ್ತೆಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಗಿರಾಕಿಗಳನ್ನು ಮಾತಾಡಿಸುವುದೇ ಒಂದು ಕೆಲಸ. ಆ ಹನ್ನೊಂದು ಡಬ್ಬಿಯನ್ನೂ ಒಂದೊಂದೇ ಬೆರಳಿನಲ್ಲಿ ಕುಟ್ಟಿ ಕಂಪ್ಯೂಟರಿಗೆ ತುಂಬಿದವಳು ನಾನು. ಆಗ ಯಾವ ಪಂಡಿತೆಯೂ ಬಂದು ಚೀಟಿ ಅಂಟಿಸಲಿಲ್ಲ.

ಹೌದು, ಪಂಡಿತೆ. ಅವಳಿಗೆ ನಾನಿಟ್ಟ ಹೆಸರು. ಬಾಯಲ್ಲಿ ಕರೆಯುವಂತಿಲ್ಲ, ಇಲ್ಲಿ ಬರೆದುಕೊಳ್ಳಬಹುದು. ಇದನ್ನು ಓದಿದವರು ಹೊಟ್ಟೆಕಿಚ್ಚು ಅನ್ನುತ್ತಾರೆ. ಹೊಟ್ಟೆಕಿಚ್ಚೇ. ಈ ಪುಸ್ತಕದಲ್ಲಿ ಸುಳ್ಳು ಬರೆದು ನಾನು ಯಾರನ್ನು ಮೆಚ್ಚಿಸಬೇಕಾಗಿದೆ?

ಮಾರ್ಚ್ 5, ಬುಧವಾರ

ಬುಧವಾರ ಪಂಡಿತೆಯ ಪೂಜೆಯ ದಿನ. ನಾಲ್ಕು ಗಂಟೆಗೆ ಸರಿಯಾಗಿ ಬೀರುವಿನಿಂದ ಒಂದು ತಗಡಿನ ಡಬ್ಬಿ ತೆಗೆಯುತ್ತಾಳೆ. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಅಂಗೈಯಗಲದ ಕಪ್ಪು ಡಿಸ್ಕು. ಕಂಪ್ಯೂಟರಿಗೆ ಚುಚ್ಚಿ ಎಲ್ಲಾ ಗಿರಾಕಿಗಳ ವಿವರ ಅದಕ್ಕೆ ನಕಲು ಮಾಡುತ್ತಾಳೆ, ಮತ್ತೆ ಕಿತ್ತು, ಬಟ್ಟೆ ಸುತ್ತಿ, ಡಬ್ಬಿಯೊಳಗಿಟ್ಟು ಬೀಗ ಹಾಕುತ್ತಾಳೆ. ಅದನ್ನು ಅಲ್ಲೇ ಚುಚ್ಚಿಟ್ಟರೆ ಏನು ಗಂಟು ಹೋಗುತ್ತದೋ ನನಗೆ ತಿಳಿಯದು.

ಅತ್ತೆ ಅದನ್ನು ನೋಡುವ ಚಂದ ನೋಡಬೇಕು. ಮೊಮ್ಮಗು ಮೊದಲ ಹೆಜ್ಜೆ ಇಟ್ಟ ಹಾಗೆ. "ಎಷ್ಟು ಅಚ್ಚುಕಟ್ಟು ನೋಡು," ಎಂದರು. ನನಗೇ ಹೇಳಿದ್ದು. ಹನ್ನೊಂದು ಡಬ್ಬಿ ಚೀಟಿ ಕುಟ್ಟಿದಾಗ ಇದೇ ಅತ್ತೆ, "ಕುಟ್ಟೋ ಸದ್ದಿಗೆ ತಲೆ ಹಿಡೀತು, ಸ್ವಲ್ಪ ಮೆತ್ತಗೆ ಕುಟ್ಟೇ," ಎಂದಿದ್ದರು.

ಸಾಲದ್ದಕ್ಕೆ ಪಂಡಿತೆ ಹೋಗುವಾಗ ನನ್ನ ಹತ್ತಿರ ಬಂದು, "ಅಕ್ಕಾ, ಆ ಮೇಷ್ಟ್ರು ಒಳಗೆ ಬರ್ತಿದ್ದ ಹಾಗೇ ಅವರ ನಂಬರ್ ಹೇಳಿಬಿಟ್ರಲ್ಲ, ಅದು ಹೇಗೆ ನೆನಪಿರುತ್ತೆ ನಿಮಗೆ?" ಎಂದು ಕೇಳಿದಳು. ಕಾಲೆಳೆಯುತ್ತಿದ್ದಾಳೆ. ಕಂಪ್ಯೂಟರ್ ನೋಡದೆ ಹೇಳಿದ್ದು ಅವಳ ಪ್ರಕಾರ ಹಳೇ ಕಾಲದ್ದು. "ಹಾಗೇ ಇರುತ್ತೆ," ಎಂದು ಮುಖ ತಿರುಗಿಸಿದೆ.

ನಾಳೆಯಿಂದ ಮಂಗಳವಾರದವರೆಗೆ ಅವಳು ಮೈದುನನ ಜೊತೆ ಶಾಲೆಗಳಿಗೆ ಹೋಗುತ್ತಾಳೆ, ಮಕ್ಕಳ ಕಣ್ಣು ಪರೀಕ್ಷೆಗೆ. ಅವನು ಪರೀಕ್ಷೆ ಮಾಡುವುದು, ಅವಳು ಬರೆದುಕೊಳ್ಳುವುದು. ಐದಾರು ದಿನ ಅಂಗಡಿಯಲ್ಲಿ ನಾನೇ ರಾಣಿ.

ಮಾರ್ಚ್ 6, ಗುರುವಾರ

ಇವತ್ತು ಒಂದು ಘನಕಾರ್ಯ ಮಾಡಿದೆ. ಬರೆಯುವಾಗಲೂ ಖುಷಿ.

ಬಂದವರೊಬ್ಬರು ಯಾವುದೋ ತೆಳು ಫ್ರೇಮು ಕೇಳಿದರು. ಅದರ ಚಿತ್ರ ಹುಡುಕುತ್ತಿದ್ದಾಗ ಪರದೆ ಇದ್ದಕ್ಕಿದ್ದಂತೆ ಕೆಂಪಾಯಿತು. "ನಿಮ್ಮ ಬ್ರೌಸರ್ ಹಳೆಯದಾಗಿದೆ. ಈಗಲೇ ಅಪ್‌ಡೇಟ್ ಮಾಡದಿದ್ದರೆ ನಿಮ್ಮ ಮಾಹಿತಿ ಅಪಾಯದಲ್ಲಿದೆ." ಪಕ್ಕದಲ್ಲೊಂದು ಗಡಿಯಾರ, ಐದು ನಿಮಿಷದಿಂದ ಕೆಳಕ್ಕೆ ಓಡುತ್ತಿತ್ತು. ತಲೆ ಎತ್ತಿದರೆ ಹಳದಿ ಕಾಗದ. ನನ್ನನ್ನು ಕರೆಯಿರಿ.

ಕರೆಯಬಹುದಿತ್ತು, ಫೋನಿದೆ. ಆದರೆ ಕರೆದರೆ ಏನಾಗುತ್ತದೆ ಎಂದು ಗೊತ್ತು. ಸಂಜೆ ಊಟಕ್ಕೆ ಕೂತಾಗ "ಅಕ್ಕ ಕರೆದಿದ್ದು ಒಳ್ಳೇದಾಯ್ತು" ಅನ್ನುತ್ತಾಳೆ, ಅತ್ತೆ ತಲೆಯಾಡಿಸುತ್ತಾರೆ. ಅವಳು ಬರುವಷ್ಟರಲ್ಲಿ ಅಪ್‌ಡೇಟೆಲ್ಲ ನಾನೇ ಮಾಡಿಟ್ಟಿದ್ದರೆ? "ಅದು ಆಗಲೇ ಆಯ್ತಲ್ಲ" ಎಂದು ಸುಮ್ಮನೆ ಹೇಳಿ ಒಂದು ಫ್ರೇಮು ಒರೆಸುತ್ತಾ ನಿಲ್ಲಬಹುದು. ಆ ಮುಖ ನೋಡಬೇಕು ನಾನು.

ಒತ್ತಿದೆ. ಏನೋ ಇಳಿಯಿತು. ಅದನ್ನೂ ಒತ್ತಿದೆ. "ಬದಲಾವಣೆ ಮಾಡಲು ಅನುಮತಿ ಕೊಡುತ್ತೀರಾ?" ಎಂದು ಕೇಳಿತು. ಕೊಟ್ಟೆ. ಪಾಸ್‌ವರ್ಡ್ ಕೇಳಿತು. ಅದನ್ನೂ ಕೊಟ್ಟೆ. ಹಸಿರು ಗೆರೆ ಮೆಲ್ಲಗೆ ತುಂಬಿ ನೂರು ಮುಟ್ಟಿ, "ಯಶಸ್ವಿಯಾಗಿದೆ" ಎಂದಿತು. ಗಡಿಯಾರದಲ್ಲಿ ಇನ್ನೂ ಒಂದು ನಿಮಿಷ ಬಾಕಿಯಿತ್ತು.

ಇಷ್ಟಕ್ಕೆ ಸಹಿ ಹಾಕಿ ಚೀಟಿ ಅಂಟಿಸಬೇಕಿತ್ತಾ?

ಮಾರ್ಚ್ 7, ಶುಕ್ರವಾರ

ಕಂಪ್ಯೂಟರ್ ನಿಧಾನ. ಒಳಗಿನ ಫ್ಯಾನು ಬೆಳಿಗ್ಗೆಯಿಂದ ಗುರ್ ಎನ್ನುತ್ತಿದೆ. ಮೂಲೆಯಲ್ಲಿ ಗುರಾಣಿಯಂಥ ಒಂದು ಚಿಕ್ಕ ಚಿತ್ರ ಇರುತ್ತಿತ್ತು, ಈಗ ಕಾಣುತ್ತಿಲ್ಲ. ಹೊಸ ಅಪ್‌ಡೇಟಿನಲ್ಲಿ ತೆಗೆದಿರಬೇಕು.

ಮಾರ್ಚ್ 9, ಭಾನುವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮೈದುನ ಅವನ ಸ್ನೇಹಿತನ ಕಥೆ ಹೇಳಿದ. ಅವನ ಲ್ಯಾಪ್‌ಟಾಪಿನಲ್ಲಿ ಅಪ್‌ಡೇಟ್ ಎಂದು ಬಂತಂತೆ, ಒತ್ತಿದನಂತೆ, ಇದ್ದಬದ್ದದ್ದೆಲ್ಲ ಹೋಯಿತಂತೆ. ನನ್ನ ತುತ್ತು ಬಾಯ ಹತ್ತಿರವೇ ನಿಂತಿತು.

"ನಿಜವಾದ ಅಪ್‌ಡೇಟ್ ಹಾಗೆ ಹೆದರಿಸಲ್ಲ," ಎಂದಳು ಪಂಡಿತೆ. "ಅದು ಸೆಟ್ಟಿಂಗ್ಸ್ ಒಳಗೆ ಬಂದು ತೆಪ್ಪಗೆ ಕೂತಿರುತ್ತೆ. ಬೇಕಿದ್ರೆ ನಾವೇ ಹೋಗಿ ನೋಡ್ಬೇಕು. ಯಾವುದೋ ಪುಟ ನೋಡ್ತಿರುವಾಗ ಮಧ್ಯೆ ನುಗ್ಗಿ, ಗಡಿಯಾರ ತೋರಿಸಿ, ಬೇಗ ಬೇಗ ಅಂತ ಅವಸರ ಮಾಡಿದ್ರೆ ಅದು ಕಳ್ಳಂದೇ."

ಗಡಿಯಾರ ಎಂದಳು. ನನ್ನ ಕಡೆ ನೋಡಿ ಹೇಳಲಿಲ್ಲ, ಎಲೆಕೋಸಿನ ಪಲ್ಯ ಬಡಿಸಿಕೊಳ್ಳುತ್ತಾ ಹೇಳಿದಳು. ಆದರೂ ನಾನು ಬೇಕಿಲ್ಲದ ಸಾರನ್ನು ಇನ್ನೊಂದು ಸೌಟು ಬಡಿಸಿಕೊಂಡೆ.

"ನೀನು ಆ ಡಿಸ್ಕನ್ನ ಪ್ರತಿ ಸಲ ಯಾಕೆ ಕಿತ್ತು ಇಡೋದು?" ಎಂದು ಇವರು ಕೇಳಿದರು. ಗಾಜು ಬಿಟ್ಟು ಬೇರೆ ವಿಷಯದಲ್ಲಿ ಇವರಿಗೆ ಕುತೂಹಲ ಹುಟ್ಟುವುದು ವರ್ಷಕ್ಕೊಮ್ಮೆ, ಅದು ಇವತ್ತೇ ಹುಟ್ಟಬೇಕಿತ್ತು.

"ಅದೇ ಭಾವ, ಕಂಪ್ಯೂಟರಿಗೆ ಏನಾದ್ರೂ ಹತ್ತಿಕೊಂಡಿದ್ರೆ, ಡಿಸ್ಕ್ ಚುಚ್ಚಿದ ತಕ್ಷಣ ಅದಕ್ಕೂ ಹತ್ತುತ್ತೆ. ಅದು ಹೊರಗಿದ್ರೆ ಬಚಾವು. ಅದೂ ಹೋದ್ರೆ ಅಕ್ಕ ಹದಿನಾಲ್ಕು ವರ್ಷ ಕೂತು ತುಂಬಿದ್ದೆಲ್ಲಾ ಹೋದ ಹಾಗೆ."

ಅಕ್ಕ ತುಂಬಿದ್ದು ಎಂದಳು. ಬೆಣ್ಣೆ ಹಚ್ಚುತ್ತಾಳೆ. ಅಥವಾ ಎಲ್ಲಾ ಗೊತ್ತಾಗಿಯೇ ಆಡಿಸುತ್ತಿದ್ದಾಳೋ?

ನನ್ನದು ಅಂಥದ್ದಲ್ಲ. ನನ್ನದು ಯಶಸ್ವಿಯಾಗಿದೆ ಎಂದಿತ್ತು.

ಮಾರ್ಚ್ 10, ಸೋಮವಾರ

ನಾನು ಮೌಸ್ ಮುಟ್ಟಿರಲಿಲ್ಲ. ಕೈಯಲ್ಲಿ ಚಹಾ ಲೋಟ ಇತ್ತು. ಬಾಣದ ಗುರುತು ತಾನಾಗಿ ಪರದೆಯ ಈ ಮೂಲೆಯಿಂದ ಆ ಮೂಲೆಗೆ ಹೋಯಿತು, ಒಂದು ಕಡೆ ನಿಂತಿತು, ಒಂದು ಕಡತ ತೆರೆದು ನೋಡಿತು, ಮುಚ್ಚಿತು. ನಮ್ಮನೆಯಲ್ಲಿ ಯಾರೋ ಬೀರು ತೆಗೆದು ಬಟ್ಟೆ ಸರಿಸಿ ನೋಡುತ್ತಿದ್ದ ಹಾಗಿತ್ತು.

ನಾನು ಮಾಡಿದ್ದೇನು? ಗಾಜು ಒರೆಸುವ ಬಟ್ಟೆ ತಂದು ಪರದೆಯ ಮೇಲೆ ಹೊದಿಸಿದೆ. "ಅದಕ್ಕೇನು ಚಳಿಯಾ?" ಎಂದು ಅತ್ತೆ ಕೇಳಿದರು. ಧೂಳು ಎಂದೆ.

ಸಂಜೆ ಅವಳು ಶಾಲೆಯಿಂದ ಬಂದು ಕಾಲು ಚಾಚಿ ಕೂತಿದ್ದಳು. ಕಂಪ್ಯೂಟರ್ ಹೇಗಿದೆ ಎಂದು ಕೇಳಿದಳು. ನಾಲಿಗೆ ತುದಿಯವರೆಗೂ ಬಂತು. ಅಷ್ಟರಲ್ಲಿ ಅತ್ತೆ ಅವಳಿಗೆ ಚಹಾ ತಂದುಕೊಟ್ಟರು. ತಾವೇ ಮಾಡಿ, ತಾವೇ ತಂದು. ಈ ಮನೆಗೆ ಬಂದು ಹತ್ತೊಂಬತ್ತು ವರ್ಷವಾಯಿತು, ಅತ್ತೆ ಕೈಯಿಂದ ನಾನು ಚಹಾ ಕುಡಿದದ್ದು ಬಾಣಂತಿಯಾಗಿದ್ದಾಗ ಮಾತ್ರ.

"ಚೆನ್ನಾಗೇ ಇದೆ," ಎಂದೆ.

ಮಾರ್ಚ್ 11, ಮಂಗಳವಾರ

ಇವತ್ತು ಮೇಷ್ಟ್ರು ಕನ್ನಡಕದ ಗಾಜು ಒಡೆದುಕೊಂಡು ಬಂದರು. ಅವರ ವಿವರ ತೆರೆಯಲು ಹೋದರೆ ತೆರೆಯಲಿಲ್ಲ. ಕಡತದ ಹೆಸರಿನ ಕೊನೆಗೆ ಅರ್ಥವಾಗದ ಅಕ್ಷರಗಳು ಬಾಲದ ಹಾಗೆ ಅಂಟಿಕೊಂಡಿವೆ. ಅವರದಷ್ಟೇ ಅಲ್ಲ, ಅವರ ಮೇಲಿನದು, ಕೆಳಗಿನದು, ಆ ಸಾಲಿನದೆಲ್ಲಾ ಹಾಗೇ. ಬೇರೆ ಸಾಲುಗಳು ಇನ್ನೂ ತೆರೆಯುತ್ತಿವೆ. ಎಲ್ಲಿಯವರೆಗೆ ತೆರೆಯುತ್ತವೋ ಗೊತ್ತಿಲ್ಲ.

ಮೇಷ್ಟ್ರ ನಂಬರನ್ನು ನೆನಪಿನಿಂದಲೇ ಚೀಟಿಯಲ್ಲಿ ಬರೆದು ಒಳಗೆ ಕೊಟ್ಟೆ. ರಸೀದಿಯಲ್ಲಿ ಅವರ ಹೆಸರನ್ನೇ ತಪ್ಪು ಬರೆದೆ. "ಯಾಕಮ್ಮಾ, ಹುಷಾರಿಲ್ವಾ?" ಎಂದು ಮೇಷ್ಟ್ರು ಕೇಳಿದರು. ಸ್ವಲ್ಪ ತಲೆನೋವು ಎಂದೆ.

ಈಗ ಬರೆಯುವುದನ್ನು ಬರೆಯದೇ ಇರಬಹುದಿತ್ತು. ಆದರೆ ಬಸ್ಸಿನಲ್ಲಿ ಬರುತ್ತಾ ಪೂರ್ತಿ ಯೋಚಿಸಿದ್ದು ಅದನ್ನೇ. ನಾಳೆ ಬುಧವಾರ. ನಾಲ್ಕು ಗಂಟೆಗೆ ಪಂಡಿತೆ ಬಂದು ಕೂರುತ್ತಾಳೆ, ಡಿಸ್ಕು ಚುಚ್ಚುತ್ತಾಳೆ. ಆಗ ಎಲ್ಲಾ ಕೆಟ್ಟಿರುವುದು ಬಯಲಾದರೆ, ಕೆಟ್ಟದ್ದು ಅವಳ ಕೈಯಲ್ಲಿ. ಆ ಹೊತ್ತಿಗೆ ಕುರ್ಚಿಯಲ್ಲಿದ್ದವಳು ಅವಳು. ಚೀಟಿಯಲ್ಲಿ ಸಹಿ ಇರುವುದೂ ಅವಳದೇ. ಅತ್ತೆ ಒಂದು ಮಾತು ಅವಳನ್ನು ಅನ್ನಲಿ. ಒಂದೇ ಒಂದು. ನನಗೆ ಬೇರೇನೂ ಬೇಡ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಮಾರ್ಚ್ 12, ಬುಧವಾರ

ಎಲ್ಲಾ ಕ್ರಮವಾಗಿ ಬರೆಯುತ್ತೇನೆ.

ನಾಲ್ಕು ಗಂಟೆ. ನಾನು ಒಬ್ಬ ಹೆಂಗಸಿಗೆ ಫ್ರೇಮು ತೋರಿಸುತ್ತಿದ್ದೆ. ಅವಳು ಬೀರು ತೆಗೆದಳು, ತಗಡಿನ ಡಬ್ಬಿ ತೆಗೆದಳು, ಬಟ್ಟೆ ಬಿಚ್ಚಿದಳು. ಶಾಲೆಯಲ್ಲೊಂದು ಮಗು ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಕೊಂಡು ಬಂದು ಎಲ್ಲಾ ಸರಿ ಹೇಳಿದ ಕಥೆಯನ್ನು ಅತ್ತೆಗೆ ಹೇಳುತ್ತಿದ್ದಳು. ಅತ್ತೆ ನಗುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಅವಳ ಕೈಯಲ್ಲಿದ್ದ ತಂತಿಯ ತುದಿ ಮಾತ್ರ.

ಸುಮ್ಮನಿರು ಎಂದುಕೊಂಡೆ. ಆ ಕ್ಷಣದಲ್ಲಿ ನೆನಪಾದದ್ದು ಡಬ್ಬಿಗಳು. ಮಾವನವರ ಕೈಬರಹದ ಆ ಚೀಟಿಗಳನ್ನು ಕುಟ್ಟಿ ಮುಗಿಸಿದ ಮೇಲೆ ಜಾಗ ಸಾಲದೆಂದು ರದ್ದಿಗೆ ಹಾಕಿದ್ದೆವು. ಮೇಷ್ಟ್ರಿಗೆ ಎಡಗಣ್ಣು ಹೋಗುತ್ತಾ ಬಂದದ್ದು ವರ್ಷವರ್ಷ ಎಷ್ಟೆಷ್ಟು ಎಂದು ಬರೆದಿರುವುದು ಈಗ ಈ ಡಿಸ್ಕೊಂದರಲ್ಲೇ. ಆ ತಂತಿಯ ತುದಿ ಒಳಗೆ ಹೋದರೆ ಅತ್ತೆ ಒಂದು ಮಾತು ಅವಳನ್ನು ಅನ್ನುತ್ತಾರೆ. ಆಮೇಲೆ ಮೇಷ್ಟ್ರ ಕಣ್ಣನ್ನು ಎಲ್ಲಿಂದ ತರಲಿ?

ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ. ಫ್ರೇಮು ಕೆಳಗೆ ಬಿತ್ತು. ಕಂಪ್ಯೂಟರಿಗೆ ಅಂಗೈ ಅಡ್ಡ ಇಟ್ಟಿದ್ದೆ. ತಂತಿಯ ತುದಿ ಅಂಗೈಗೆ ಚುಚ್ಚಿತು.

"ಹಾಕ್ಬೇಡ," ಎಂದೆ. "ಅಪ್‌ಡೇಟ್ ಒತ್ತಿದ್ದೀನಿ. ಗಡಿಯಾರದ್ದು."

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ನಗುತ್ತಾಳೆ ಎಂದುಕೊಂಡೆ. ಡಿಸ್ಕನ್ನು ಮೊದಲು ಡಬ್ಬಿಗೆ ಹಾಕಿದಳು. ಬಗ್ಗಿ ಇಂಟರ್ನೆಟ್ಟಿನ ತಂತಿ ಎಳೆದು ಕಿತ್ತಳು. ಆಮೇಲೆ ಕೇಳಿದಳು, "ಯಾವತ್ತು ಅಕ್ಕಾ?"

"ಗುರುವಾರ."

"ಪಾಸ್‌ವರ್ಡ್ ಕೊಟ್ರಾ?"

"ಕೊಟ್ಟೆ."

"ಸರಿ. ಇನ್ನು ಯಾವುದಕ್ಕೆಲ್ಲಾ ಅದೇ ಪಾಸ್‌ವರ್ಡ್ ಇದೆ, ನೆನಪು ಮಾಡ್ಕೊಂಡು ಒಂದೊಂದೇ ಹೇಳಿ. ನನ್ನ ಫೋನಲ್ಲಿ ಬದಲಾಯಿಸ್ತೀನಿ."

ಡಾಕ್ಟರು ಜ್ವರ ಯಾವಾಗಿನಿಂದ ಎಂದು ಕೇಳುವ ಹಾಗೆ ಕೇಳಿದಳು. ನಾನು ಹೇಳುತ್ತಾ ಹೋದೆ. ಎಲ್ಲದಕ್ಕೂ ಅದೇ ಪಾಸ್‌ವರ್ಡ್ ಇತ್ತು.

"ಏನ್ರೇ ಅದು?" ಎಂದರು ಅತ್ತೆ.

"ಕಂಪ್ಯೂಟರ್ ಸ್ವಲ್ಪ ಕೆಟ್ಟಿದೆ ಅತ್ತೆ, ನೋಡ್ತಾ ಇದೀವಿ," ಎಂದಳು ಅವಳು.

ನೋಡ್ತಾ ಇದೀವಿ! ನನ್ನ ಹೆಸರೇ ಎತ್ತಲಿಲ್ಲ. ಮೈಯೆಲ್ಲಾ ಉರಿಯಿತು. ಚೀಟಿ ಅಂಟಿಸಿದ್ದು ಸಾಲದೆಂದು ಈ ದೊಡ್ಡತನ ಬೇರೆ. ಜನ್ಮವಿಡೀ ಇವಳ ಉಪಕಾರ ಹೊತ್ತು ತಿರುಗಬೇಕಾ ನಾನು? ಬೇಡವೇ ಬೇಡ.

"ಕೆಟ್ಟಿಲ್ಲ, ಕೆಡಿಸಿದ್ದು ನಾನು," ಎಂದೆ ಅತ್ತೆಗೆ. "ಮುಟ್ಬೇಡಿ ಅಂತ ಬರೆದಿದ್ದನ್ನ ಓದಿಯೇ ಮುಟ್ದೆ. ಆರು ದಿನ ಹೇಳ್ಲಿಲ್ಲ."

ಫ್ರೇಮು ನೋಡುತ್ತಿದ್ದ ಹೆಂಗಸು ಮೆಲ್ಲಗೆ ಜಾಗ ಖಾಲಿ ಮಾಡಿದಳು. ಆಮೇಲೆ ಅತ್ತೆ, "ಅವಳನ್ನ ಒಂದು ಮಾತು ಕೇಳೋದಕ್ಕೆ ನಿನಗೇನಾಗಿತ್ತೇ?" ಎಂದರು.

ಏನಾಗಿತ್ತು ಎಂಬುದನ್ನು ಮೂರನೇ ತಾರೀಖಿನಿಂದ ಇಲ್ಲಿ ಬರೆದಿದ್ದೇನೆ. ಕೆಳಗೆ ಬಿದ್ದಿದ್ದ ಫ್ರೇಮನ್ನು ಎತ್ತಿ ಒರೆಸಿಟ್ಟೆ.

ಮಾರ್ಚ್ 13, ಗುರುವಾರ

ರಿಪೇರಿಯವರು ಕಂಪ್ಯೂಟರ್ ಹೊತ್ತುಕೊಂಡು ಹೋದರು. ಎಲ್ಲಾ ಅಳಿಸಿ ಹೊಸದಾಗಿ ಮಾಡಬೇಕಂತೆ. ಮೇಜು ಬೋಳು. ಕೂತುಕೊಳ್ಳಲು ಹೋಗಿ ಎರಡು ಸಲ ಎದ್ದೆ.

ಮಾರ್ಚ್ 15, ಶನಿವಾರ

ಕಂಪ್ಯೂಟರ್ ರಿಪೇರಿಯಾಗಿ ಬಂತು, ಡಿಸ್ಕಿನಲ್ಲಿದ್ದುದೆಲ್ಲ ಅದಕ್ಕೆ ವಾಪಸು ಬಂತು. ಮೇಷ್ಟ್ರದನ್ನು ಮೊದಲು ತೆರೆದು ನೋಡಿದೆ. ಇದೆ, ಎಡಗಣ್ಣು, ಬಲಗಣ್ಣು, ಹದಿನಾಲ್ಕು ವರ್ಷದ್ದೂ ಇದೆ. ಗಿರಾಕಿ ಇದ್ದಾರೆ ಎನ್ನುವುದನ್ನೂ ನೋಡದೆ ಅತ್ತುಬಿಟ್ಟೆ.

ಐದನೇ ತಾರೀಖಿನಿಂದ ಈಚಿನದು ಮಾತ್ರ ಇಲ್ಲ. ಇಪ್ಪತ್ತಮೂರು ಜನರದ್ದು. "ಅವರನ್ನೆಲ್ಲಾ ಮತ್ತೆ ಕರೆದು ಪರೀಕ್ಷೆ ಮಾಡ್ಬೇಕಾಗುತ್ತಲ್ಲ," ಎಂದು ಮೈದುನ ತಲೆ ಕೆರೆದುಕೊಂಡ.

"ಬೇಡ, ಅಕ್ಕ ಹೇಳ್ತಾರೆ, ನಾನು ಬರ್ಕೊಳ್ತೀನಿ," ಎಂದಳು ಚಿಕ್ಕವಳು.

ಅಕ್ಕಪಕ್ಕ ಎರಡು ಕುರ್ಚಿ ಹಾಕಿಕೊಂಡು ಕೂತೆವು. ನಾನು ಕಣ್ಣು ಮುಚ್ಚಿ ಬಂದವರ ಮುಖ ನೆನೆಸಿಕೊಳ್ಳುತ್ತಾ ಹೇಳಿದೆ. ಟೊಪ್ಪಿಯ ಅಂಚೆಯವನು, ಅವನ ನಂಬರು. ಅವಳಿಜವಳಿಯ ತಾಯಿ, ಅವಳ ನಂಬರು. ಎಲ್ಲಾ ಮುಗಿದ ಮೇಲೆ ಇವರಿಗೆ ನೆನಪಾಗಿ, ಗಾಜು ಉಜ್ಜಲು ಬರೆದಿಟ್ಟುಕೊಂಡಿದ್ದ ಚೀಟಿಗಳನ್ನು ಒಳಗಿನಿಂದ ತಂದು ತಾಳೆ ನೋಡಿದರು. ಇಪ್ಪತ್ತಮೂರರಲ್ಲಿ ಒಂದು ತಪ್ಪಿತ್ತು. ಅದೂ ಚೀಟಿಯಲ್ಲೇ ತಪ್ಪಿರಬೇಕು, ಇವರ ಅಕ್ಷರ ದೇವರಿಗೇ ಪ್ರೀತಿ.

"ನನಗೆ ನೆನ್ನೆ ಬಂದವರ ಮುಖವೇ ನೆನಪಿರಲ್ಲ ಅಕ್ಕಾ," ಎಂದಳು. "ಅತ್ತೆ ದಿನಾ ಹೇಳ್ತಾರೆ, ದೊಡ್ಡವಳನ್ನ ನೋಡಿ ಕಲಿ, ಹೆಸರು ಹಿಡಿದು ಮಾತಾಡಿಸ್ತಾಳೆ ಅಂತ."

ಅತ್ತೆ ಹಾಗೆ ಹೇಳುತ್ತಾರಂತೆ. ನನ್ನ ಎದುರು ಹೇಳಿದರೆ ಬಾಯಿ ಸವೆಯುತ್ತಿತ್ತೇನೋ.

ನಡುವೆ ಅವಳೇ ಒಂದು ಮಾತು ಹೇಳಿದಳು. "ಮೊದಲಿದ್ದ ಆಫೀಸಲ್ಲಿ ನಾನೂ ಒತ್ತಿದ್ದೆ ಅಕ್ಕ. ಅಂಥದ್ದೇ ಗಡಿಯಾರ. ಒಂದು ವಾರ ಯಾರಿಗೂ ಹೇಳ್ಲಿಲ್ಲ."

"ಆಮೇಲೆ?"

"ಆಮೇಲೆ ಆ ಆಫೀಸಲ್ಲಿ ನಾನಿಲ್ಲ."

ನನಗೆ ಮೊದಲು ಆದದ್ದು ಸಂತೋಷ, ಮುಚ್ಚಿಡುವುದೇನು. ಅವಳು ಒಂದು ವಾರ, ನಾನು ಆರು ದಿನ. ಆ ಲೆಕ್ಕದಲ್ಲಿ ನಾನೇ ಒಂದು ದಿನ ಮುಂದೆ. ಆಮೇಲೆ ಅವಳು ಕೆಲಸ ಕಳೆದುಕೊಂಡು ಮನೆಗೆ ಹೋದ ಸಂಜೆ ಹೇಗಿದ್ದಿರಬಹುದು ಎಂದು ಯೋಚನೆ ಬಂತು. ಅಂಚೆಯವನ ನಂಬರನ್ನು ಎರಡು ಸಲ ಹೇಳಿಬಿಟ್ಟೆ.

ಮಧ್ಯಾಹ್ನದಿಂದ ಫೋನಿನ ಕೆಲಸ. ನಮ್ಮ ಅಂಗಡಿಯ ಹೆಸರಿನಲ್ಲಿ ಏನಾದರೂ ಸಂದೇಶ ಬಂದರೆ ತೆರೆಯಬೇಡಿ ಎಂದು ಗಿರಾಕಿಗಳಿಗೆಲ್ಲ ಹೇಳಬೇಕು. ಅವಳು ಹೆಸರು ಓದುವುದು, ನಾನು ಮಾತಾಡುವುದು. ನಾನು ಒಬ್ಬೊಬ್ಬರ ಸೊಸೆ, ಮಂಡಿನೋವು, ಬಡ್ತಿ ಎಲ್ಲ ವಿಚಾರಿಸುತ್ತಿದ್ದರೆ ಅವಳು ಬಾಯಿ ಬಿಟ್ಟು ನೋಡುತ್ತಿದ್ದಳು. ಇನ್ನೂ ಒಂದು ವಾರ ಹಿಡಿಯುವಷ್ಟಿದೆ.

ಮಾರ್ಚ್ 24, ಸೋಮವಾರ

ತಂಗಿ ಶುಕ್ರವಾರ ತವರಿಗೆ ಹೋದಳು, ನಾಳೆ ಬರುತ್ತಾಳೆ. ಈ ಮೂರು ದಿನದಲ್ಲಿ ಅತ್ತೆ ಅವಳು ಯಾವಾಗ ಬರುತ್ತಾಳೆ ಎಂದು ಎಂಟು ಸಲ ಕೇಳಿದ್ದಾರೆ. ನಾನು ತವರಿಗೆ ಹೋದಾಗ ಯಾರಾದರೂ ಒಂದು ಸಲ ಕೇಳಿದ್ದರಾ ಎಂದು ಇವರನ್ನು ಕೇಳಿದೆ. ಇವರು ಗಾಜು ಎತ್ತಿ ಬೆಳಕಿಗೆ ಹಿಡಿದರು.

ರಿಪೇರಿಯಾಗಿ ಬಂದ ಕಂಪ್ಯೂಟರ್ ಚೆನ್ನಾಗಿದೆ. ಬೆಳಿಗ್ಗೆ ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಿದೆ, ಏನೂ ಬಾಕಿ ಇರಲಿಲ್ಲ.

ಹನ್ನೊಂದೂವರೆಗೆ ಫೋನು ಬಂತು. ಗಂಡಸಿನ ದನಿ, ಬೆಲ್ಲದಂಥ ಮಾತು. ಕಂಪ್ಯೂಟರ್ ಕಂಪನಿಯಿಂದಂತೆ. ಅಂಗಡಿಯ ಹೆಸರು ಹೇಳಿದ, ವಿಳಾಸವನ್ನೂ ಹೇಳಿದ. ಆ ಗುರುವಾರ ಹೋದ ಮಾಹಿತಿಯಲ್ಲಿ ಅವೂ ಹೋಗಿರಬೇಕು.

"ಮೇಡಂ, ನಿಮ್ಮ ಕಂಪ್ಯೂಟರಿಂದ ನಮಗೆ ಅಪಾಯದ ಸೂಚನೆ ಬರ್ತಾ ಇದೆ. ಒಂದು ತುರ್ತು ಅಪ್‌ಡೇಟ್ ಹಾಕ್ಬೇಕು. ಐದೇ ನಿಮಿಷ. ನಾನು ಹೇಳ್ತಾ ಹೋಗ್ತೀನಿ, ನೀವು ಒತ್ತುತ್ತಾ ಹೋಗಿ."

"ಐದೇ ನಿಮಿಷವಾ?" ಎಂದೆ. ಹೆದರಿದೆ ಎಂದುಕೊಂಡಿರಬೇಕು, ಇನ್ನಷ್ಟು ಮೃದುವಾದ.

"ಹೆದರ್ಬೇಡಿ ಮೇಡಂ. ನಿಮ್ಮ ದನಿ ಕೇಳಿದ್ರೇ ಗೊತ್ತಾಗುತ್ತೆ, ಅಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋರು ನೀವೇ ಅಲ್ವಾ? ಎಲ್ಲಾ ತಿಳಿದೋರು?"

"ಅಲ್ಲಪ್ಪ," ಎಂದೆ. "ಎಲ್ಲಾ ತಿಳಿದೋಳು ನನ್ನ ತಂಗಿ. ತವರಿಗೆ ಹೋಗಿದಾಳೆ. ಅವಳು ಬಂದು ನೋಡೋ ತನಕ ಈ ಅಂಗಡೀಲಿ ಯಾರೂ ಏನೂ ಒತ್ತಲ್ಲ. ಇಡು ಫೋನು."

ಅವನು ಇಡುವ ಮೊದಲೇ ನಾನೇ ಇಟ್ಟೆ. ಯಾರದು ಎಂದು ಅತ್ತೆ ಕೇಳಿದರು. ಅಪ್‌ಡೇಟಿನವನು ಎಂದೆ. "ಮತ್ತೆ ಬಂದ್ನಾ ಹಾಳಾದೋನು," ಎಂದು ಶಾಪ ಹಾಕಿದರು. ಅಷ್ಟರಲ್ಲಿ ಮಧ್ಯಾಹ್ನದ ಗಿರಾಕಿಗಳು ಬಂದರು, ಮರೆತೆ.

ಈಗ ಬರೆಯುತ್ತಾ ಕೂತಾಗ ಹೊಳೆಯಿತು. ಹೌದಪ್ಪ ನಾನೇ, ಎಲ್ಲಾ ತಿಳಿದವಳು ನಾನೇ ಎಂದು ಹೇಳಿ ಆಮೇಲೆ ಉಗಿದು ಇಡಬಹುದಿತ್ತು. ಕಳ್ಳನೇ ಇರಲಿ, ಹದಿನಾಲ್ಕು ವರ್ಷದಲ್ಲಿ ಆ ಮಾತನ್ನು ನನಗೆ ಹೇಳಿದವನು ಅವನೊಬ್ಬನೇ. ಆಗ ಅದು ನೆನಪಿಗೇ ಬರಲಿಲ್ಲ. ಇನ್ನೊಮ್ಮೆ ಫೋನು ಮಾಡಿದರೆ ನಾನೇ ಎಂದು ಹೇಳಿಯೇ ಇಡುತ್ತೇನೆ.